ತಮ್ಮನ ಗಾಡಿಯ ದೀಪ, ನನ್ನ ಕಾರಿನ ದೀಪ

ನನ್ನ ಕಾರಿನಲ್ಲಿ ಒಂದು ದೀಪವಿದೆ. ಕಡಲೆಕಾಳಿನಷ್ಟು ಕೆಂಪು ಬಲ್ಬು. ಮುಂದಿನ ಗಾಜಿನ ಕೆಳಗೆ, ಹುಲಿಯ ಮೇಲೆ ಕೂತ ಮಾದಪ್ಪನ ಪಟದ ಎದುರಿಗೆ ಇದೆ. ಕೀಲಿ ತೆಗೆದರೂ ಅದು ಆರುವುದಿಲ್ಲ. ತಾಳವಾಡಿಯ ಮೆಕ್ಯಾನಿಕ್ ಅದರ ವೈರನ್ನು ನೇರವಾಗಿ ಬ್ಯಾಟರಿಗೇ ಕೊಟ್ಟಿದ್ದಾನೆ. ಅವ್ವ ಅವನ ಎದುರು ನಿಂತು ಹಾಗೇ ಮಾಡಿಸಿದಳು.

"ದ್ಯಾವ್ರ ಮುಂದೆ ದೀಪ ಆರ್ಬಾರ್ದು ಕಣಪ್ಪಾ. ಕತ್ಲಲ್ಲಿ ಮಡಗಕ್ಕೆ ಅವ್ನೇನು ಕಳ್ಳನಾ?"

ತಮ್ಮನ ಪಿಕಪ್ಪಿನಲ್ಲೂ ಅದೇ ದೀಪ, ಅದೇ ಮೆಕ್ಯಾನಿಕ್ಕು, ಅದೇ ವೈರು. ಆದರೆ ಅವನ ಗಾಡಿ ದಿನವೂ ಕೋಸು, ಆಲೂಗಡ್ಡೆ ಹೇರಿಕೊಂಡು ಘಾಟಿ ಇಳಿದು ಮೆಟ್ಟುಪಾಳ್ಯದ ಮಂಡಿಗೆ ಹೋಗುತ್ತದೆ. ರಾತ್ರಿ ದೀಪ ಕುಡಿದದ್ದನ್ನು ಹಗಲು ಇಂಜಿನ್ನು ತುಂಬಿಕೊಡುತ್ತದೆ. ನನ್ನ ಕಾರು ಹೊಂಗೆಮರದ ಕೆಳಗೆ ನಿಂತೇ ಇರುತ್ತದೆ. ದೀಪ ಕುಡಿಯುತ್ತಲೇ ಇರುತ್ತದೆ, ತುಂಬುವವರಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಬ್ಯಾಟರಿ ಮೊದಲ ಸಲ ಸತ್ತಾಗಲೇ ಕಾರಣ ನನಗೆ ಗೊತ್ತಾಗಿತ್ತು. ಗೊತ್ತಾಗಿ ಏನು ಬಂತು? ಆ ಕಾರಿನ ವಿಷಯದಲ್ಲಿ ಅವ್ವ ನನ್ನಿಂದ ಬೇಕೆಂದು ಕೇಳಿದ್ದು ಆ ದೀಪವೊಂದೇ.

ನಮ್ಮ ಬೀದಿಯಲ್ಲಿ ಮೊದಲು ಪದವಿ ಪಡೆದವಳು ನಾನು. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಅಪ್ಪ ಅವ್ವ ಜಮೀನಿದ್ದ ಒಕ್ಕಲಿನವರ ಬೆಳ್ಳುಳ್ಳಿ ಹೊಲದಲ್ಲಿ ಕೂಲಿ ಮಾಡಿದವರು. ನಾನು ಕನ್ನಡದಲ್ಲಿ ಓದಿ, ತಮಿಳಿನಲ್ಲಿ ಅರ್ಜಿ ಬರೆದು, ಎರಡೂ ಭಾಷೆಯವರಿಂದ ತಪ್ಪು ತಿದ್ದಿಸಿಕೊಂಡು ಕೆಲಸ ಹಿಡಿದೆ. ನನ್ನ ಮನೆಯವರಿಗೆ ಸತ್ಯಮಂಗಲದಲ್ಲಿ ಕೆಲಸ, ರಜೆ ಸಿಕ್ಕಾಗ ಬರುತ್ತಾರೆ. ನಾನಿರುವುದು ಅವ್ವನ ಮನೆಯ ಪಕ್ಕದಲ್ಲೇ. ಶಾಲೆಗೆ ಹೋಗುವ ಬಸ್ಸು ನಮ್ಮ ಬಾಗಿಲಲ್ಲೇ ನಿಲ್ಲುತ್ತದೆ. ಹಾಗಾದರೆ ಕಾರು ಏಕೆ ಕೊಂಡೆ ಎಂದು ಎಲ್ಲರೂ ಕೇಳಿದರು. ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಕ್ಕಲಿನವರ ಬೀದಿಯಲ್ಲಿ ಒಂದು ಸುತ್ತು ಹೋಗಬೇಕಿತ್ತು. ಅದಕ್ಕೆ ಕೊಂಡೆ.

ಆದರೆ ಅವ್ವ ಕೂರುತ್ತಿದ್ದುದು ತಮ್ಮನ ಪಿಕಪ್ಪಿನಲ್ಲಿ. ಹತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವನು ಅವನು. ಪೇಟೆಗೆ ಹೋಗಲಿ, ರೇಷನ್ನಿಗೆ ಹೋಗಲಿ, ಅವಳು ಅವನ ಪಕ್ಕದಲ್ಲಿ, ಕಿಟಕಿಗೆ ಮೊಣಕೈ ಊರಿ, ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು ಹೋಗುವಳು. "ನಿನ್ ಕಾರು ತಗ್ಗಾಗದೆ ಕೂಸೇ, ಉಸ್ರು ಕಟ್ತದೆ" ಎನ್ನುತ್ತಿದ್ದಳು. ಕೋಳಿ ಕೂಗುವ ಹೊತ್ತಿಗೆ ಅವನ ಗಾಡಿ ಒಂದೇ ತಿರುವಿಗೆ ಹೊತ್ತಿಕೊಳ್ಳುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು. ಹಿಂದೆಯೇ ಅವ್ವ ಅವನಿಗೆ ಕಾಪಿ ಲೋಟ ಕೊಡುವ ಸದ್ದು. ನಾನು ಹೊದ್ದು ಮಲಗಿದ್ದಲ್ಲೇ ಹಲ್ಲು ಕಚ್ಚುತ್ತಿದ್ದೆ.

ಒಮ್ಮೆ ಬ್ಯಾಟರಿ ಉಳಿಸೋಣವೆಂದು ಅದರ ಕಪ್ಪು ತಂತಿಯನ್ನು ಕಳಚಿಟ್ಟೆ. ಅಪರೂಪಕ್ಕೆ ಓಡುವ ಕಾರಿಗೆ ಅದೇ ಸರಿಯಾದ ಉಪಾಯ. ಸಂಜೆ ಅವ್ವ ಕಾರಿನ ಗಾಜಿಗೆ ಹಣೆ ಹಚ್ಚಿ ಒಳಗೆ ನೋಡಿದಳು. ನನ್ನನ್ನು ಒಂದು ಮಾತು ಕೇಳಲಿಲ್ಲ. "ಲೇ ಮಗಾ, ಅಕ್ಕನ್ ಗಾಡೀಲಿ ದೀಪ ಆರೋಗದೆ, ವಸಿ ನೋಡ್ಲಾ" ಎಂದು ತಮ್ಮನನ್ನು ಕರೆದಳು. ಅವನು ಬಂದು ಬಾನೆಟ್ಟು ಎತ್ತಿ, ತಂತಿ ಸಿಕ್ಕಿಸಿ, ಕೈ ಒರೆಸಿಕೊಂಡು ಹೋದ. ದೀಪ ಹತ್ತಿತು. ಅವ್ವ ಅವನ ಬೆನ್ನು ಸವರಿದಳು. ಅಲ್ಲಿಂದ ನಾನು ಆ ತಂತಿಯನ್ನು ಮುಟ್ಟಲಿಲ್ಲ. ಬ್ಯಾಟರಿ ಸಾಯುವುದು, ಅದನ್ನು ಬಿಚ್ಚಿ ಬಸ್ಸಿನಲ್ಲಿ ಒಯ್ದು ತಾಳವಾಡಿಯಲ್ಲಿ ಚಾರ್ಜು ಮಾಡಿಸುವುದು, ತಿರುಗಿ ಸಾಯುವುದು. ಹೀಗೆ ಬರಿದಾಗಿ ಬರಿದಾಗಿ ಅದಕ್ಕೆ ತುಂಬಿಸಿದ್ದನ್ನು ಹಿಡಿದಿಟ್ಟುಕೊಳ್ಳುವ ತ್ರಾಣವೇ ಹೋಯಿತು.

ಹೀಗಿರುವಾಗ ತಂಗಿಗೆ ಏಳು ತಿಂಗಳು ತುಂಬಿತು. ಅವಳನ್ನು ಹಾಸನೂರಿನ ಕಡೆಯ ಒಂದು ಕಾಡಂಚಿನ ಹಳ್ಳಿಗೆ ಕೊಟ್ಟಿದ್ದೆವು. ಮೊದಲ ಬಾಣಂತನಕ್ಕೆ ತವರಿಗೆ ಕರೆತರಬೇಕು. ಪಿಕಪ್ಪಿನ ಕುಲುಕಾಟ ಬಸುರಿಗೆ ಆಗುವುದಿಲ್ಲ. "ನಿನ್ ಕಾರ್ನಲ್ಲೇ ಓಗನ ಕೂಸೇ" ಎಂದಳು ಅವ್ವ. ಆ ಮಾತಿಗೆ ನನ್ನ ಎದೆ ಹಲಸಿನಹಣ್ಣಿನ ಹಾಗೆ ಉಬ್ಬಿತು. ಆ ಒಂದು ದಿನ ನನ್ನದು. ಅವ್ವ ನನ್ನ ಪಕ್ಕದಲ್ಲಿ ಕೂರುತ್ತಾಳೆ.

ಬ್ಯಾಟರಿಯನ್ನು ಹಿಂದಿನ ದಿನವಷ್ಟೇ ಚಾರ್ಜು ಮಾಡಿಸಿ ತಂದಿದ್ದೆ. ಬೆಳಿಗ್ಗೆ ಕಜ್ಜಾಯದ ಬುಟ್ಟಿ, ಬಳೆ, ಸೀರೆ ಎಲ್ಲ ಹಿಂದೆ ಇಟ್ಟು ಕೀಲಿ ತಿರುಗಿಸಿದೆ. ಟಿಕ್. ಇನ್ನೊಮ್ಮೆ. ಟಿಕ್. ರಾಹುಕಾಲ ಹತ್ತಿರ ಬರುತ್ತಿತ್ತು. ಅವ್ವ ನನ್ನ ಕಡೆ ನೋಡಲೂ ಇಲ್ಲ. "ಲೇ ಮಗಾ!" ಎಂದಳು.

ತಮ್ಮ ಪಿಕಪ್ಪನ್ನು ತಂದು ನನ್ನ ಕಾರಿನ ಮೂತಿಗೆ ಮೂತಿ ತಾಗಿಸುವಂತೆ ನಿಲ್ಲಿಸಿದ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ತಂತಿ ಕಚ್ಚಿಸಿದ. ಬೀದಿಯೆಲ್ಲ ಹೊರಗೆ ಬಂದು ನಿಂತಿತು.

"ನೋಡಕ್ಕಾ, ನಿನ್ ಕಾರು ನನ್ ಗಾಡಿತಾವ ಆಲು ಕುಡೀತಾದೆ" ಎಂದ.

"ಕುಡಿದು ಮುಗಿದ ಮೇಲೆ ಬಾಯಿ ಒರಸ್ಲಾ, ಮಾತು ಸಾಕು" ಎಂದೆ.

ಕಾರು ಹೊತ್ತಿಕೊಂಡಿತು. ತಂಗಿಯನ್ನು ಕರೆಯಲು ಒಡಹುಟ್ಟಿದ ಗಂಡು ಹೋಗಲೇಬೇಕು, ಅವನೂ ಹೊರಟ. ನಾನು ಪಕ್ಕದ ಬಾಗಿಲು ತೆರೆದು ಅವ್ವನಿಗಾಗಿ ಕಾದೆ. ಅವಳು ಹಿಂದಿನ ಬಾಗಿಲಿಗೆ ಹೋದಳು.

"ಗಂಡ್‌ಮಗ ಮುಂದ್ಗಡೆ ಕುಂತ್ಕಳ್ಳಿ. ನಾ ಬುಟ್ಟಿ ಇಡ್ಕತೀನಿ."

ಕಾಡಿನ ದಾರಿಯುದ್ದಕ್ಕೂ ಹಿಂದಿನಿಂದ ಅವಳದು ಒಂದೇ ಪ್ರಶ್ನೆ, ಅದೂ ನನಗಲ್ಲ. "ಲೇ ಮಗಾ, ಗಾಡಿ ಸರಿಯಾಗಿ ಬುಡ್ತಾವ್ಳೇನ್ಲಾ?"

"ಬುಡ್ತಾವ್ಳೆ ಕಣವ್ವ. ಆನೆಗೀನೆ ಬಂದ್ರೆ ಪಾಠ ಮಾಡ್ತಾಳೆ, ಅದೇ ಓಡೋಯ್ತದೆ."

ಇಬ್ಬರೂ ನಕ್ಕರು. ನಾನು ಗೇರು ಬದಲಿಸಿದೆ.

ತಂಗಿಯ ಮನೆ ಮುಂದೆ ನಿಲ್ಲಿಸಿದಾಗ ತಮ್ಮ ಹೇಳಿದ, "ಆರಿಸ್ಬ್ಯಾಡಕ್ಕಾ. ಇಲ್ಲಿ ಯಾರ್ತಾವೂ ಗಾಡಿ ಇಲ್ಲ, ತಿರ್ಗಾ ಎಬ್ಸಕ್ಕೆ ಆಗಲ್ಲ." ಅದು ನನಗೂ ಗೊತ್ತಿತ್ತು. ಅವನು ಹೇಳಿದ್ದರಿಂದ ಮಾತ್ರ ಉರಿಯಿತು. ಓಡುತ್ತಿರುವ ಕಾರನ್ನು ಬಿಟ್ಟು ಹೋಗುವಂತಿಲ್ಲ, ಸುತ್ತ ಮಕ್ಕಳು ಮುತ್ತಿಕೊಂಡಿದ್ದವು. ನಾನು ಸ್ಟಿಯರಿಂಗ್ ಹಿಡಿದು ಕೂತೆ. ಅವರಿಬ್ಬರೂ ಬುಟ್ಟಿ ಹೊತ್ತು ಒಳಗೆ ಹೋದರು.

ತೆರೆದ ಬಾಗಿಲಲ್ಲಿ ಎಲ್ಲವೂ ಕಾಣುತ್ತಿತ್ತು. ತಮ್ಮನಿಗೆ ಚಾಪೆ ಹಾಸಿದರು. ಕಾಲಿಗೆ ನೀರು ಕೊಟ್ಟರು. ತಂಗಿ ಅವನ ಕೈಯಿಂದ ಸೀರೆ ಇಸಿದುಕೊಂಡಳು. ಆ ಸೀರೆ ನಾನು ಆರಿಸಿದ್ದು. ಅವಳ ಅತ್ತೆ ಹೊರಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

"ಏನ್ ಟೀಚರಮ್ಮ, ಗಾಡಿ ಆರ್ಸಕ್ಕೂ ಗಳಿಗೆ ನೋಡ್ಬೇಕಾ? ಬನ್ನಿ ಒಳೀಕೆ."

"ಒಸಿ ಇರಲಿ ಅತ್ತೆ, ಬತ್ತೀನಿ."

ಆಗ ಒಳಗಿನಿಂದ ಅವ್ವನ ದನಿ ಕೇಳಿಸಿತು. ಯಾರಿಗೋ ಹೇಳುತ್ತಿದ್ದಳು: "ನನ್ ಮಗ ಗಾಡಿ ಎಬ್ಬುಸ್ದ. ಇಲ್ದಿದ್ರೆ ಇವತ್ತು ನಾವು ಬರಂಗೇ ಇರ್ನಿಲ್ಲ."

ಕಾರು ನನ್ನದು, ಪೆಟ್ರೋಲು ನನ್ನದು, ಆನೆ ದಾರಿಯಲ್ಲಿ ಓಡಿಸಿದವಳು ನಾನು. ಹೆಸರು ಅವನದು. ನಾನು ಕೀಲಿ ತಿರುಗಿಸಿ ಆರಿಸಿಬಿಟ್ಟೆ. ಒಳಗೆ ಹೋಗಿ ತಮ್ಮನನ್ನು ಸರಿಸಿ ಚಾಪೆಯ ಮೇಲೆ ಕೂತೆ. ತಂಗಿಯ ಕೈಗೆ ಬಳೆ ತೊಡಿಸಿದೆ, ಅವಳ ಮಡಿಲಿಗೆ ಅಕ್ಕಿ ತುಂಬಿದೆ. ಊಟದ ಎಲೆಯಲ್ಲಿ ಎರಡನೇ ಸಲ ಪಾಯಸ ಹಾಕಿಸಿಕೊಂಡೆ. ತಮ್ಮ ನನ್ನನ್ನೂ ಹೊರಗೆ ನಿಂತ ಕಾರನ್ನೂ ನೋಡುತ್ತ ಅನ್ನ ಕಲೆಸುತ್ತಿದ್ದ.

ಹೊರಡುವಾಗ ತಂಗಿ ಹೊಸ್ತಿಲು ದಾಟಿ, ಹಿಂದಕ್ಕೆ ನೋಡದೆ ಬಂದು ಕಾರಿನಲ್ಲಿ ಕೂತಳು. ಕೀಲಿ ತಿರುಗಿಸಿದೆ. ಟಿಕ್.

ತಮ್ಮ ಅಂಗಿಯ ತೋಳು ಮಡಚತೊಡಗಿದ. ಬೈದಿದ್ದರೆ ಚೆನ್ನಾಗಿತ್ತು.

ತಳ್ಳುವುದೊಂದೇ ದಾರಿ. ತವರಿಗೆ ಹೊರಟ ಬಸುರಿ ಕೂತ ಮೇಲೆ ಇಳಿಯಬಾರದು, ಇಳಿದು ತಿರುಗಿ ಮೆಟ್ಟಿಲು ತುಳಿಯಬಾರದು ಎಂದು ಎರಡೂ ಕಡೆಯ ಹೆಂಗಸರು ಒಂದೇ ಬಾಯಲ್ಲಿ ಹೇಳಿದರು. ತಂಗಿ ಬುಟ್ಟಿಗಳ ಜೊತೆ ಹಿಂದೆಯೇ ಉಳಿದಳು. ತಮ್ಮ ಇಳಿದು, ಪಂಚೆ ಮೇಲಕ್ಕೆ ಕಟ್ಟಿ, ಹಿಂದಕ್ಕೆ ಹೋದ. ತಂಗಿಯ ಮೈದುನ ಒಬ್ಬ ಅವನ ಜೊತೆ ಸೇರಿದ. ಮಾದಪ್ಪನ ದೀಪ ಉಸಿರು ಹಿಡಿದ ಹಾಗೆ ಮಂಕಾಗಿತ್ತು. ಅದನ್ನು ಕಂಡು ಅವ್ವ ಇಳಿದು ಸುತ್ತಿ ಬಂದು, ಮುಂದಿನ ಬಾಗಿಲು ತೆಗೆದು ತಮ್ಮನ ಜಾಗದಲ್ಲಿ ಕೂತಳು.

"ಮಾದಪ್ಪನ್ ಮುಂದೆ ಕುಂತು ಕೇಳ್ಕತೀನಿ ಕಣವ್ವ."

ನನಗಾಗಿ ಅಲ್ಲ, ಮಾದಪ್ಪನಿಗಾಗಿ. ಇರಲಿ. ಕೂತದ್ದು ನನ್ನ ಪಕ್ಕದಲ್ಲೇ.

ಎರಡನೇ ಗೇರಿಗೆ ಹಾಕಿ, ಕ್ಲಚ್ ಒತ್ತಿ ಹಿಡಿದೆ. ಕಾರು ಕದಲಿತು. ಮಣ್ಣಿನ ದಾರಿ ಸಮವಾಗಿತ್ತು, ಇಳಿಜಾರು ಇರಲಿಲ್ಲ. ಅವ್ವ ಕಿಟಕಿಗೆ ಮೊಣಕೈ ಊರಿ ಮಾದಪ್ಪನನ್ನು ಕರೆಯುತ್ತಿದ್ದಳು. ಕನ್ನಡಿಯಲ್ಲಿ ತಮ್ಮ ಕಾಣುತ್ತಿದ್ದ. ಮುಖ ಕೆಂಪಾಗಿ, ಕೊರಳ ನರ ಉಬ್ಬಿ, ತಲೆ ತಗ್ಗಿಸಿ ತಳ್ಳುತ್ತಿದ್ದ. ವೇಗ ಸಾಕಷ್ಟು ಬಂದಿತ್ತು, ಕ್ಲಚ್ ಬಿಟ್ಟರೆ ಇಂಜಿನ್ನು ಹೊತ್ತಿಕೊಳ್ಳುತ್ತಿತ್ತು.

"ಬುಡಕ್ಕಾ! ಕ್ಲಚ್ ಬುಡು!" ಎಂದು ಕೂಗಿದ.

"ಕೂಗ್ತಾವ್ನೆ, ಬುಡಬಾರ್ದಾ?" ಎಂದಳು ಅವ್ವ.

"ಇನ್ನೂ ವಸಿ ಓಗ್ಲಿ ಅವ್ವ" ಎಂದೆ.