ನೀನು ಕೇಳಿದ ಕ್ಷಮೆ

ಶಿವಣ್ಣ, ತಪ್ಪು ಮಾಡಿದ್ದು ನಾನು. ಕ್ಷಮೆ ಕೇಳಿದ್ದು ನೀನು. ದೊಡ್ಡ ಮನಸ್ಸಿನವಳ ಹಾಗೆ ಕ್ಷಮಿಸಿ ಕಳಿಸಿದವಳೂ ನಾನೇ.

ನಾನು ಸಮವಸ್ತ್ರ ತೊಟ್ಟವಳಲ್ಲ. ಚೆನ್ನೈಯ ಒಂದು ಸೇನಾ ಕಮಾಂಡಿನಲ್ಲಿ ತರಬೇತಿ ತಜ್ಞೆ — ಜವಾನರಿಗೆ ಯಾವ ಪಾಠ, ಯಾವ ಕ್ರಮದಲ್ಲಿ, ಏನು ತೋರಿಸಿ ಕಲಿಸಬೇಕೆಂದು ಯೋಜಿಸುವ ಸಿವಿಲಿಯನ್ ಉದ್ಯೋಗಿ. ನೀನು ನಾಗಮಂಗಲದ ಕಡೆಯ ಜವಾನ, ಲಾರಿ ರಿಪೇರಿಯ ತರಬೇತಿಗೆ ಬಂದಿದ್ದೆ. ಸುತ್ತಲೂ ಹಿಂದಿ, ತಮಿಳು. ನಡುವೆ ನಾವಿಬ್ಬರೇ ಕನ್ನಡದವರು. ನಿನಗೆ ನಾನು ತರಗತಿಯಲ್ಲಿ ಮೇಡಂ, ಹೊರಗೆ ಬಂದರೆ ಅಕ್ಕ. ಮನೆಯಲ್ಲಿ ಮಗಳೂ ತಮಿಳಲ್ಲೇ ಉತ್ತರ ಕೊಡುತ್ತಿದ್ದ ಆ ದಿನಗಳಲ್ಲಿ ನಿನ್ನ ಮಾತು ಕೇಳುವುದೇ ನನಗೊಂದು ಹಿತವಾಗಿತ್ತು.

ಕೆಸರಿನಲ್ಲಿ ಹೂತ ಲಾರಿಯನ್ನು ವಿಂಚ್ ಹಾಕಿ, ಅಂದರೆ ಹಗ್ಗ ಸುತ್ತುವ ಯಂತ್ರದಿಂದ, ಎಳೆಯುವುದು ಹೇಗೆಂದು ಆ ದಿನ ನಾನೇ ವಿಡಿಯೋ ಮಾಡುತ್ತಿದ್ದೆ. ಉಕ್ಕಿನ ಹಗ್ಗ ಬಿಗಿಯಾದ ಮೇಲೆ ಅದರ ಹತ್ತಿರ ನರಪಿಳ್ಳೆಯೂ ಸುಳಿಯಬಾರದು — ಇದು ಮೊದಲ ಪಾಠ. ಅದು ನಿನಗೆ ಗೊತ್ತಿತ್ತು. ನೀನು ದೂರದಲ್ಲೇ, ನಿಲ್ಲಬೇಕಾದ ಜಾಗದಲ್ಲೇ ನಿಂತಿದ್ದೆ. ಆದರೆ ಅಲ್ಲಿ ನಿಂತರೆ ಕ್ಯಾಮೆರಾದಲ್ಲಿ ನಿನ್ನ ಮುಖ ಕಾಣುತ್ತಿರಲಿಲ್ಲ. ಮೇಲಧಿಕಾರಿಗಳು ನೋಡುವ ವಿಡಿಯೋ, ಚೆನ್ನಾಗಿ ಬರಬೇಕೆಂಬ ಹಟ ನನಗೆ. ಉಳಿದವರೆಲ್ಲ ಲಾರಿಯ ಆಚೆ ಇದ್ದರು.

"ಶಿವಣ್ಣ, ಸ್ವಲ್ಪ ಮುಂದೆ ಬಾ."

"ಇಲ್ಲೇನಾ ಅಕ್ಕಾ? ಹಗ್ಗ ಹತ್ರ ಆಯ್ತದಲ್ಲ?"

"ಏನೂ ಆಗಲ್ಲ, ಒಂದೇ ನಿಮಿಷ. ಅಲ್ಲೇ ನಿಂತ್ಕೋ."

ನೀನು ನಿಂತೆ. ಹಗ್ಗ ಹರಿಯಿತು. ಬಾರುಕೋಲಿನ ಹಾಗೆ ಬೀಸಿ ನಿನ್ನ ಬಲಗಾಲಿಗೆ ಬಡಿಯಿತು, ನೀನು ಬಿದ್ದೆ, ತಲೆ ಕಲ್ಲಿಗೆ — ಅಷ್ಟೇ, ಅದಕ್ಕಿಂತ ಮುಂದೆ ನನ್ನಿಂದ ಬರೆಯಲಾಗುವುದಿಲ್ಲ. ಮೊಣಕಾಲಿನ ಕೆಳಗೆ ಕಾಲು ತೆಗೆದರು. ಎಚ್ಚರವಾದಾಗ ಆ ದಿನದ ಒಂದೂ ನಿನಗೆ ನೆನಪಿರಲಿಲ್ಲ.

ನಿನಗೆ ನೆನಪಿಲ್ಲವೆಂದು ಕೇಳಿದಾಗ ನನಗಾದದ್ದು ದುಃಖವಲ್ಲ, ಸಮಾಧಾನ. ಇದನ್ನು ಹೇಳದೆ ಉಳಿದದ್ದನ್ನೆಲ್ಲ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ವಿಚಾರಣೆಯಲ್ಲಿ ಕೇಳಿದರು: ಅವನು ತಾನಾಗಿಯೇ ಹಗ್ಗದ ಹತ್ತಿರ ಹೋದನೇ? ನಾನು ಹೌದು ಎಂದೆ. ದೂರ ನಿಲ್ಲಲು ಹೇಳಿದ್ದೆ, ಕೇಳಲಿಲ್ಲ ಎಂದೂ ಸೇರಿಸಿದೆ. ವಿಡಿಯೋ ಒಪ್ಪಿಸುವ ಮೊದಲು ನನ್ನ ಮಾತಿದ್ದ ಭಾಗವನ್ನು ಕತ್ತರಿಸಿ ತೆಗೆದೆ. ಕೆಲಸ ಹೋಗುತ್ತದೆಂಬ ಭಯ. ಅದಕ್ಕೆ ಬೇರೆ ಹೆಸರು ಕೊಡಲಾರೆ.

ಆಮೇಲೆ ನೀನು ವೇಲಚೇರಿಯ ನಮ್ಮ ಮನೆ ಹುಡುಕಿಕೊಂಡು ಬಂದೆ, ಹೆಂಡತಿಯ ಭುಜ ಹಿಡಿದುಕೊಂಡು. ಕುರ್ಚಿಯ ತುದಿಯಲ್ಲಿ ಕೂತೆ. "ನಿಮ್ ಮಾತ್ ಕೇಳ್ನಿಲ್ಲ ನಾನು. ನಿಮ್ಗೂ ಕೆಟ್ಟೆಸ್ರು ತಂದ್‌ಬುಟ್ಟೆ. ಕ್ಸಮ್ಸ್‌ಬುಡಿ ಅಕ್ಕಾ" ಎಂದೆ. ನಿನ್ನ ಹೆಂಡತಿ, "ಮನೇಲೂ ಹಿಂಗೇಯ, ಯಾರ್ ಮಾತೂ ಕೇಳಕಿಲ್ಲ" ಎಂದು ಕಣ್ಣೊರೆಸಿಕೊಂಡಳು. ಆಗಲಾದರೂ ನಾನು — ಇಲ್ಲ. "ಆಗಿದ್ದು ಆಯ್ತು, ಬಿಡಪ್ಪ" ಎಂದೆ. ಕಾಫಿ ಕೊಟ್ಟೆ. ನೀನು ಹಗುರಾಗಿ ಎದ್ದು ಹೋದೆ.

ಆ ವಿಡಿಯೋವನ್ನು ಅಂದಿನಿಂದ ಪ್ರತಿ ತಂಡಕ್ಕೂ ತೋರಿಸುತ್ತ ಬಂದಿದ್ದೇನೆ. ಗುರುವಿನ ಮಾತು ಮೀರಿದರೆ ಏನಾಗುತ್ತದೆ ನೋಡಿ, ಎನ್ನುತ್ತೇನೆ. ಪಾಠ ಮನಮುಟ್ಟುವಂತಿದೆ ಎಂದು ಹೊಗಳಿಸಿಕೊಂಡಿದ್ದೇನೆ. ಹೇಳುತ್ತ ಹೇಳುತ್ತ, ಅದೇ ನಿಜವಿರಬೇಕೆಂದು ನನಗೇ ಅನ್ನಿಸಿದ ದಿನಗಳೂ ಇದ್ದವು.

ಹೋದ ಭಾನುವಾರ ನೆರೆಮನೆಯವರ ಜೊತೆ ಮೀನು ತರಲು ಕಾಸಿಮೇಡು ಬಂದರಿಗೆ ಹೋಗಿದ್ದೆ. ರಿಪೇರಿಗೆಂದು ದೋಣಿಯೊಂದನ್ನು ವಿಂಚ್‌ನಿಂದ ದಡಕ್ಕೆ ಎಳೆಯುತ್ತಿದ್ದರು. ಅಲ್ಲಿ ನೀನಿದ್ದೆ. ಸೇನೆ ಬಿಟ್ಟ ಮೇಲೆ ನೀನು ಊರಿಗೆ ಹೋಗದೆ ಅಲ್ಲೇ ಕೆಲಸಕ್ಕೆ ಸೇರಿದ್ದು ನನಗೆ ಗೊತ್ತಿರಲಿಲ್ಲ. ಹಗ್ಗದ ಹತ್ತಿರ ಹೋದ ಕೆಲಸಗಾರರನ್ನು ಗದರಿಸಿ ಹಿಂದೆ ಕಳಿಸಿ, ಪ್ಯಾಂಟು ಮೇಲೆತ್ತಿ ಕೃತಕ ಕಾಲು ತೋರಿಸಿ ತಮಿಳಿನಲ್ಲಿ ಹೇಳುತ್ತಿದ್ದೆ — ಟೀಚರ್ ಬೇಡ ಅಂದಿದ್ರು, ನಾನೇ ಕೇಳಲಿಲ್ಲ, ನನ್ನ ಹಾಗೆ ಆಗಬೇಡಿ. ಯಾರೋ ನಕ್ಕರು. ನೀನೂ ನಕ್ಕೆ. ನನ್ನನ್ನು ನೋಡಲಿಲ್ಲ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ನನ್ನ ಸುಳ್ಳನ್ನು ನಾನು ಸಂಬಳಕ್ಕೆ ಹೇಳುತ್ತಿದ್ದೆ. ನೀನು ಅದನ್ನೇ ನಂಬಿ, ನಿನ್ನನ್ನೇ ಹಳಿದುಕೊಂಡು, ಇನ್ನೊಬ್ಬರ ಕಾಲು ಉಳಿಸುತ್ತಿದ್ದೀಯ.

ಕತ್ತರಿಸದ ವಿಡಿಯೋ ನನ್ನ ಬಳಿ ಇದೆ. ಅಳಿಸಲು ಧೈರ್ಯ ಬರಲಿಲ್ಲ, ನೋಡಲೂ ಬರಲಿಲ್ಲ. ನಾಳೆ ಅದನ್ನು ಅಧಿಕಾರಿಗಳ ಮುಂದಿಡುತ್ತೇನೆ. ಆಮೇಲೆ ನನ್ನ ಗತಿ ಏನಾಗಬೇಕೋ ಆಗಲಿ. ಆದರೆ ಅವರಿಗಿಂತ ಮೊದಲು ನಿನಗೆ ತಿಳಿಯಬೇಕು. ವಿಳಾಸ ವಿಚಾರಿಸಿಕೊಂಡಿದ್ದೇನೆ, ಇಂದು ಸಂಜೆ ರಾಯಪುರಂನ ನಿನ್ನ ಮನೆಗೆ ಬರುತ್ತೇನೆ. ಇದನ್ನೆಲ್ಲ ಬರೆದದ್ದು, ನಿನ್ನ ಎದುರು ನಿಂತಾಗ ಬಾಯಿ ತಪ್ಪಿಸಿಕೊಳ್ಳಬಾರದೆಂದು. ಕ್ಷಮೆ ಕೇಳಲು ಬರುತ್ತಿಲ್ಲ. ಕೇಳುವ ಮುಖ ನನಗಿಲ್ಲ. ನಿನ್ನ ಹೆಂಡತಿಯ ಎದುರಿಗೇ ಒಂದು ಮಾತು ಹೇಳಬೇಕು, ಅಷ್ಟೇ.

ನೀನು ನನ್ನ ಮಾತು ಕೇಳಿದ್ದೆ, ಶಿವಣ್ಣ. ಕೇಳಿದ್ದಕ್ಕೇ ಕಾಲು ಹೋಯಿತು.