ನಿಲ್ಲದ ದಾರಿಯಲ್ಲಿ ಜಯಲತಾ

ಡೊಂಬಿವಲಿಯ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ ಚೆನ್ನಯ, ಹಳಸಿದ ಸಾಂಬಾರಿನ ಹಂಡೆಯನ್ನು ಯಜಮಾನನ ಕಣ್ಣೆದುರೇ ಮೋರಿಗೆ ಬಗ್ಗಿಸಿ ಕೆಲಸ ಕಳೆದುಕೊಂಡಿದ್ದರು. "ಇನ್ನೊಮ್ಮೆ ಕುದಿಸಿ ಬಡಿಸು, ಯಾರಿಗೆ ಗೊತ್ತಾಗ್ತದೆ?" ಎಂದಿದ್ದನಂತೆ ಯಜಮಾನ. "ನನಗೆ ಗೊತ್ತುಂಟಲ್ಲ" ಎಂದಿದ್ದರಂತೆ ಇವರು. ಅಂದು ಮನೆಯಲ್ಲಿ ಗಂಜಿ ಉಂಡದ್ದು ಮಗಳು ಜಯಲತಾಳಿಗೆ ನೆನಪಿದೆ. ಅಪ್ಪ ಕೈ ತೊಳೆಯುತ್ತ ಸಿಳ್ಳೆ ಹಾಕಿದ್ದೂ.

೨೦೧೨ರ ಹೊತ್ತಿಗೆ ಅವಳು ರಬಾಳೆಯ ಪುಟ್ಟ ಕಾರ್ಖಾನೆಯೊಂದರಲ್ಲಿ ಪರೀಕ್ಷಕಿ. ಇಬ್ಬರು ಕೂರುವ ಸಣ್ಣ ವಿಮಾನಗಳನ್ನು ತಾನೇ ನಡೆಸುವ ಆಟೊಪೈಲಟ್ ಪೆಟ್ಟಿಗೆ ಅಲ್ಲಿ ತಯಾರಾಗುತ್ತಿತ್ತು. ಅವಳ ಸಹಿಯಿಲ್ಲದೆ ಒಂದು ಪೆಟ್ಟಿಗೆಯೂ ಬಾಗಿಲು ದಾಟುವಂತಿರಲಿಲ್ಲ.

ಆ ಸಲ ವಿಮಾನ ತಿರುಗುವುದನ್ನು ಅಳೆಯುವ ಸೆನ್ಸರು ವಿದೇಶದಿಂದ ಬರಲೇ ಇಲ್ಲ. ಗಿರಾಕಿ ಕಾದು ಸುಸ್ತಾಗಿದ್ದ. ಯಜಮಾನ ವಸಂತಕುಮಾರ ಅದರ ಬದಲು ಕಾರಿನ ಸೆನ್ಸರು ಕೂರಿಸಿ, ಪೆಟ್ಟಿಗೆಯನ್ನು ತನ್ನ ಕಾರಿನಲ್ಲಿಟ್ಟು ಭಿವಂಡಿಗೆ ಹೋಗಿ ಬಂದ. ತಿರುವು ತೋರಿಸುವ ಪೆಟ್ಟಿಗೆಯ ಮುಳ್ಳು ದಾರಿಯುದ್ದಕ್ಕೂ ಸರಿಯಾಗಿತ್ತು.

"ಸಹಿ ಹಾಕು ಮಾರಾಯ್ತಿ. ನಾಳೆ ಗಿರಾಕಿ ಬರ್ತಾನೆ."

"ಭಿವಂಡಿ ದಾರೀಲಿ ಎಷ್ಟು ಸಲ ನಿಂತಿರಿ ವಸಂತಣ್ಣ?"

"ಆ ಟ್ರಾಫಿಕ್ಕಲ್ಲಿ ನಿಲ್ಲದೆ ಹೋಗುವವ ಯಾರಿದ್ದಾನೆ?"

"ಅದೇ. ಬಿಸಿಗೆ ಆಗುವ ತಪ್ಪನ್ನು ಕಾರು ನಿಂತಾಗಲೆಲ್ಲ ಇದು ಸೊನ್ನೆ ಮಾಡಿ ತಿದ್ದಿಕೊಳ್ತದೆ. ಮೇಲೆ ಹೋದ ವಿಮಾನ ಯಾವ ಸಿಗ್ನಲ್ಲಲ್ಲಿ ನಿಲ್ತದೆ?"

"ನಿನಗೆ ಎಲ್ಲದರಲ್ಲೂ ಹುಳುಕೇ. ಅಪ್ಪನ ಮಗಳು."

"ಹೌದು," ಎಂದಳು. "ಒಮ್ಮೆ ನಿಲ್ಲಿಸದೆ ಓಡಿಸುವ, ಬನ್ನಿ."

ಕಳಂಬೋಲಿ ದಾಟಿ ಕಾರು ಸಿಗ್ನಲ್ಲುಗಳಿಲ್ಲದ ಎಕ್ಸ್‌ಪ್ರೆಸ್‌ವೇ ಹತ್ತಿತು. ಡ್ರೈವರ್ ಸೈದಪ್ಪ ಕಲಬುರಗಿ ಕಡೆಯವನು; ಅವನ ಪಕ್ಕದಲ್ಲಿ ವಸಂತಕುಮಾರ. ಪೆಟ್ಟಿಗೆ ಜಯಲತಾಳ ತೊಡೆಯ ಮೇಲಿತ್ತು, ಮಗು ಮಲಗಿದ ಹಾಗೆ.

"ಅಕ್ಕಾರ, ಒಂದ್ ಚಹಾ ಕುಡ್ಯೂಣ್ರಿ?"

"ಟೋಲ್ ಬರುವ ತನಕ ಬ್ರೇಕು ಮುಟ್ಟಬೇಡ."

ಮೋಟರಿನ ಬಿಸಿ, ಹೊರಗಿನ ಬಿಸಿಲು. ಪೆಟ್ಟಿಗೆ ಕಾಯತೊಡಗಿತು. ಗೆರೆ ಎಳೆದಂಥ ದಾರಿಯಲ್ಲಿ ಮುಳ್ಳು ಮಾತ್ರ ಮೆಲ್ಲಗೆ ಎಡಕ್ಕೆ ಜಾರುತ್ತಿತ್ತು. ಸೈದಪ್ಪ ಕನ್ನಡಿಯಲ್ಲಿ ನೋಡಿದ.

"ಸ್ಟೇರಿಂಗ್ ಸೀದಾ ಐತ್ರಿ. ಈ ಮುಳ್ಳ ಯಾಕ ಎಡಕ್ಕ ಹೊಂಟೈತಿ?"

ಖಾಲಾಪುರದ ಟೋಲಿನಲ್ಲಿ ಕಾರು ನಿಂತಿತು. ಮುಳ್ಳು ಏನೂ ತಿಳಿಯದ ಮಗುವಿನಂತೆ ನಡುವಿಗೆ ಬಂದು ಕೂತಿತು.

ಕಾರು ವಾಪಸು ರಬಾಳೆಗೆ ಬಂತು. ಮೇಜಿನ ಮುಂದೆ ಕೂತ ಮೇಲೆ ವಸಂತಕುಮಾರ ಹೇಳಿದ: "ಪೈಲಟ್‌ಗೆ ಕಣ್ಣಿಲ್ವಾ? ಅವನೇ ನೋಡಿಕೊಳ್ತಾನೆ. ಸಹಿ ಹಾಕು."

"ಮೋಡದೊಳಗೆ ಅವ ಎಂತ ನೋಡ್ತಾನೆ? ಈ ಮುಳ್ಳನ್ನೇ ಅಲ್ವಾ? ಹಾಕುದಿಲ್ಲ."

"ಹಾಗಾದರೆ ನಾಳೆಯಿಂದ ಬರಬೇಡ."

"ಆಯ್ತು. ಇವತ್ತಂತೂ ಇದ್ದೇನಲ್ಲ."

ಅವಳು ಸ್ಕ್ರೂಡ್ರೈವರ್ ತೆಗೆದುಕೊಂಡಳು. ಪೆಟ್ಟಿಗೆಯ ಮುಚ್ಚಳ ಬಿಚ್ಚಿದಳು. ವಸಂತಕುಮಾರ ಎದ್ದು ನಿಂತ. ಕೈ ಮಾತ್ರ ಮುಂದೆ ಬರಲಿಲ್ಲ. ಟೋಲಿನಲ್ಲಿ ಅವನೂ ಆ ಮುಳ್ಳನ್ನು ನೋಡಿದ್ದ. ಬೆಸುಗೆ ಕಳಚಿ, ಸೆನ್ಸರನ್ನು ಹತ್ತಿಯಲ್ಲಿ ಸುತ್ತಿ ಅವನ ಮುಂದಿಟ್ಟಳು.

"ಒಳ್ಳೆ ಸೆನ್ಸರು, ವಸಂತಣ್ಣ. ಕಾರಿಗೆ ಹಾಕಿ."

ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಬಿದ್ದಳು. ಸ್ಟೇಷನ್ನಿನ ದಾರಿ ಅರ್ಧ ಸವೆದ ಮೇಲೆ, ತಾನು ಸಿಳ್ಳೆ ಹಾಕುತ್ತಿರುವುದು ಅವಳಿಗೇ ಕೇಳಿಸಿತು.