ಕಲ್ಲಪ್ಪ ಮಾಸ್ತರನ ಗಿಣಿಗೊಂಚಲು

ಕಲ್ಲಪ್ಪ ಮಾಸ್ತರ ಹೊಲಿಗೆಗೆ ಬಟ್ಟೆ ಇಸಿದುಕೊಂಡ ಕೂಡಲೇ ಸತ್ತವರ ಮನೆಗೆ ಬಂದವನಂತೆ ಮುಖ ಮಾಡುತ್ತಿದ್ದ. ಒಂದು ಕಣ್ಣು ಮುಚ್ಚಿ, ಬಟ್ಟೆಯನ್ನು ಬೆಳಕಿಗೆ ಹಿಡಿದು, ನಿಟ್ಟುಸಿರು ಬಿಟ್ಟು, “ಸಾಲೂದಿಲ್ರಿ ಅಕ್ಕಾರ. ನೋಡೂಣು, ಏನರ ಮಾಡ್ತೇನಿ” ಎನ್ನುತ್ತಿದ್ದ. ಗಜ ಬಟ್ಟೆ ಹೆಚ್ಚಿಗೆ ಕೊಟ್ಟರೂ ಅದೇ ಮಾತು. ಶಿಗ್ಗಾವಿಯ ನಮ್ಮ ಓಣಿಯಲ್ಲಿ ಹೊಲಿಗೆ ಮಿಷನ್ ಇದ್ದದ್ದು ಅವನೊಬ್ಬನ ಹತ್ತಿರ. ಆ ಮಿಷನ್ನಿನ ಹಿಂದೆ ಅವನು ಮಾಮಲೇದಾರನ ಗತ್ತಿನಿಂದ ಕೂಡುತ್ತಿದ್ದ. ಸವಣೂರಿನ ದೊಡ್ಡ ಮನೆಯೊಂದಕ್ಕೆ ಕೋಟು ಹೊಲಿದವನು ತಾನು ಎಂದು ಹೇಳಿಕೊಳ್ಳುತ್ತಿದ್ದ; ಆ ಮನೆ ಯಾವುದೆಂಬುದು ಮಾತ್ರ ಪ್ರತಿ ಸಲ ಬದಲಾಗುತ್ತಿತ್ತು.

ನನಗೆ ಆಗ ಹತ್ತು ವರ್ಷವಿರಬೇಕು. ಯುದ್ಧದಿಂದ ಅರಿವೆಗೆ ಕಂಟ್ರೋಲ್ ಬಂದು, ಬಟ್ಟೆ ಅಳತೆಯಲ್ಲಷ್ಟೇ ಸಿಗುತ್ತಿದ್ದ ಕಾಲ. ಅಪ್ಪ ಸರತಿಯಲ್ಲಿ ನಿಂತು ತಂದ ಹಸಿರು ಖಣದಲ್ಲಿ ಮಾಸ್ತರ ನನಗೆ ಪೋಲಕ ಹೊಲಿದುಕೊಟ್ಟ. ಕೈ ಎತ್ತಿದರೆ ಹೊಟ್ಟೆ ಕಾಣುತ್ತಿತ್ತು. ಅವ್ವ ನನ್ನನ್ನು ಎಳೆದುಕೊಂಡು ಅಂಗಡಿಗೆ ಹೋದಳು.

“ಹುಡುಗಿ ಬೆಳದಾಳ್ರಿ” ಎಂದ ಮಾಸ್ತರ, ತಲೆ ಎತ್ತದೆ.

“ನಾಕ ದಿನದಾಗ ಬೆಳ್ಯಾಕ ಇದೇನ್ ಸೌತಿಕಾಯಿ ಏನ್ರಿ ಮಾಸ್ತರ?”

ಅವನು ಮಿಷನ್ ತುಳಿಯತೊಡಗಿದ. ಓಣಿಯಲ್ಲಿ ಎಲ್ಲರದೂ ಇದೇ ಪಾಡು. ಶಂಕ್ರವ್ವನ ಕುಪ್ಪಸದ ತೋಳು ಗಿಡ್ಡ, ಪಾರ್ವತೆವ್ವನ ಗಂಡನ ಅಂಗಿಗೆ ಕಿಸೆಯೇ ಇಲ್ಲ. ಇಡೀ ಓಣಿ ಅವನನ್ನು ಹಿಂದಿನಿಂದ ಬೈಯುತ್ತಿತ್ತು, ಮುಂದಿನಿಂದ ಬಟ್ಟೆ ಕೊಡುತ್ತಿತ್ತು.

ಹೆಂಡತಿ ಸತ್ತ ಮೇಲೆ ಮಗಳು ನೀಲವ್ವನನ್ನು ಅವನೊಬ್ಬನೇ ಬೆಳೆಸಿ ಹಾನಗಲ್ಲಿಗೆ ಕೊಟ್ಟಿದ್ದ. ಅವಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ಗಂಡು ಕೂಸು. ಮಾಸ್ತರ ಕುಪ್ಪಸ ಕೇಳಲು ಹೋದವರನ್ನೆಲ್ಲ ಅಟ್ಟಿ, ಬಾಗಿಲು ಹಾಕಿಕೊಂಡು ಏನನ್ನೋ ಹೊಲಿಯತೊಡಗಿದ.

ಅದೇನೆಂದು ನಾವು ಕಂಡದ್ದು ಹೆಸರಿಡುವ ದಿನ. ತೊಟ್ಟಿಲ ಮೇಲೆ ಬಿದಿರಿನ ಬಳೆಯೊಂದು ತೂಗುತ್ತಿತ್ತು. ಅದರ ಸುತ್ತ ದಾರದಲ್ಲಿ ಇಳಿಬಿಟ್ಟ ಅರಿವೆಯ ಗಿಣಿಗಳು, ಮೀನುಗಳು, ಮಾವಿನಕಾಯಿಗಳು. ಹೊಟ್ಟೆಗೆ ಹತ್ತಿ ತುಂಬಿ, ಕಣ್ಣಿಗೆ ಮಣಿ ಪೋಣಿಸಿದ್ದ. ಹೊಲಿಗೆ ಎಲ್ಲಿ ಮುಗಿಯಿತೆಂದು ಹುಡುಕಬೇಕು. ಗಾಳಿ ಬಂದರೆ ಎಲ್ಲವೂ ನಿಧಾನ ತಿರುಗುತ್ತಿದ್ದವು. ಅಷ್ಟು ಚೆಂದದ್ದನ್ನು ಅಂಥ ಮನುಷ್ಯ ಮಾಡಿದ್ದನಲ್ಲ ಎಂದು ನನಗೆ ಸಿಟ್ಟು ಬಂತು.

ಹೆಂಗಸರು ಜೋಗುಳ ಸುರು ಮಾಡಿದರು. ಎರಡನೆಯ ನುಡಿಗೆ ಶಂಕ್ರವ್ವ ಮೇಲೆ ನೋಡಿ ಬಾಯಿ ಮುಚ್ಚಿದಳು. ಆಮೇಲೆ ಪಾರ್ವತೆವ್ವ. ಮೀನು ಅವಳ ಗಂಡನ ಪಟ್ಟಾಪಟ್ಟಿ ಅಂಗಿಯದೇ ಅರಿವೆ. ನಾನು ಅವ್ವನ ಸೆರಗು ಜಗ್ಗಿದೆ: “ಅವ್ವಾ, ಆ ಹಸರ ಗಿಣಿ ನನ್ನ ಪೋಲಕ!”

ಹಾಡು ನಿಂತಿತು. ಹಾನಗಲ್ಲಿನಿಂದ ಬಂದಿದ್ದ ಬೀಗತಿ, ನೀಲವ್ವನ ಅತ್ತೆ, ತಿರುಗಿ ಕೇಳಿದಳು, “ಏನಂತೈತ್ರಿ ಹುಡುಗಿ?”

ಮಾಸ್ತರ ಬಾಗಿಲಲ್ಲಿ ನಿಂತಿದ್ದ. ಅವನ ಮುಖದ ಗತ್ತೆಲ್ಲ ಇಳಿದಿತ್ತು. ನೀಲವ್ವ ಕೂಸನ್ನು ಎದೆಗೆ ಅವಚಿಕೊಂಡು ನೆಲ ನೋಡತೊಡಗಿದಳು; ಅವಳಿಗೆ ಎಲ್ಲ ತಿಳಿದಿತ್ತು. ಶಂಕ್ರವ್ವ ಸೊಂಟದ ಮೇಲೆ ಕೈ ಇಟ್ಟು ಬಾಯಿ ತೆರೆಯುವಷ್ಟರಲ್ಲಿ ಅವ್ವ ನಕ್ಕಳು.

“ಕೂಸಿಗೆ ಎಲ್ಲಾರ ಹರಕಿ, ಆಶೀರ್ವಾದ ಇರ್ಲಿ ಅಂತ ಮಾಸ್ತರ ಓಣ್ಯಾಗಿನ ಮನಿಮನಿಯಿಂದ ತುಂಡ ಅರಿವಿ ಇಸ್ಕೊಂಡು ಹೊಲದಾರ್ರಿ. ನಮ್ಮ ಹುಡುಗಿ ತನ್ನ ತುಂಡ ಗುರ್ತ ಹಿಡದ್ಲು, ಅಷ್ಟ.”

“ಹೌದನ್ರಿ! ಎಂಥಾ ಚೊಲೊ ಮನಸು!” ಎಂದಳು ಬೀಗತಿ. ಶಂಕ್ರವ್ವ ಹಲ್ಲು ಕಚ್ಚಿಕೊಂಡೇ ಜೋಗುಳ ಮುಂದುವರಿಸಿದಳು.

ಮರುದಿನ ಅವ್ವ ಅಂಗಡಿಗೆ ಹೋಗಿ ಹೇಳಿದ್ದು ನನಗಿನ್ನೂ ಕೇಳಿಸುತ್ತದೆ: “ನಿನ್ನಿ ಸುಳ್ಳ ಹೇಳಿದ್ದು ನಿಮ್ಮ ಸಲುವಾಗಿ ಅಲ್ಲ, ಮಾಸ್ತರ. ನೀಲವ್ವ ಅತ್ತಿ ಮನ್ಯಾಗ ಬಾಳೇವು ಮಾಡಬೇಕಲ್ಲ, ಅದಕ್ಕ.”

ಅವನ ಕಣ್ಣಲ್ಲಿ ನೀರು ಬಂತು. ಇನ್ನಾದರೂ ಮನುಷ್ಯ ತಿದ್ದಿಕೊಂಡಾನು ಎಂದುಕೊಂಡೆವು. ಎಲ್ಲಿಯದು! ವಾರದೊಳಗೆ ಅವ್ವನ ಸುಳ್ಳನ್ನೇ ಅವನು ನಂಬಿಬಿಟ್ಟ. ಬಂದವರಿಗೆಲ್ಲ, “ಇಡೀ ಓಣಿ ಹರಕಿ ಕೂಡಿಸಿ ಮೊಮ್ಮಗಗ ಗಿಣಿಗೊಂಚಲ ಹೊಲದೇನ್ರಿ. ಅದಕ್ಕ ದೊಡ್ಡ ಮನಸು ಬೇಕಾಕ್ಕೈತಿ” ಎಂದು ಎದೆ ಉಬ್ಬಿಸತೊಡಗಿದ. ಮೊದಲು ಕದಿಯುತ್ತಿದ್ದವನು ಈಗ ಕೇಳಿಯೇ ತುಂಡು ಇಟ್ಟುಕೊಳ್ಳುತ್ತಿದ್ದ. ಅವ್ವ ಅವನಿಗೆ ‘ಲಜ್ಜಿಗೆಟ್ಟಾಂವ’ ಎಂದೇ ಹೆಸರಿಟ್ಟಳು. ಆದರೂ ಬಟ್ಟೆ ಬೇರೆ ಯಾರಿಗೂ ಕೊಡಲಿಲ್ಲ.

ಕೆಲವು ವರ್ಷಗಳಲ್ಲಿ ಅವನ ಕಣ್ಣು ಹೋದವು. ನೀಲವ್ವ ಬಂದು ಮಿಷನ್ ಮಾರಿ, ಅಪ್ಪನನ್ನು ಹಾನಗಲ್ಲಿಗೆ ಕರೆದುಕೊಂಡು ಹೊರಟಳು. ಮೋಟಾರು ನಿಲ್ಲುವಲ್ಲಿ ನಾವು ಮಾತಾಡಿಸಲು ಹೋದೆವು. ಅವನು ನನ್ನ ತೋಳನ್ನು ಹಿಡಿದು, ಪೋಲಕದ ಅಂಚನ್ನು ಬೆರಳಲ್ಲಿ ಸವರಿದ.

“ಇದು ಯಾವ ಬಣ್ಣದ್ದವಾ?”

“ಕೆಂಪು” ಎಂದೆ.

“ಕೆಂಪಂದ್ರ? ದಾಸಾಳ ಕೆಂಪೊ, ಕುಂಕುಮ ಕೆಂಪೊ, ಇಟ್ಟಂಗಿ ಕೆಂಪೊ? ಥೂ! ಕಣ್ಣಿದ್ದೂ ಒಂದ ಬಣ್ಣ ಹೇಳಾಕ ಬರೂದಿಲ್ಲ ನಿನಗ!”

ನಾನು ಯೋಚಿಸುವಷ್ಟರಲ್ಲಿ ನೀಲವ್ವ ಅವನನ್ನು ಕೈಹಿಡಿದು ಹತ್ತಿಸಿಕೊಂಡಳು. ಮೋಟಾರು ಹೊರಟಿತು. ಅವನು ಎಲ್ಲರಿಗಿಂತ ಮುಂದಿನ ಸೀಟಿನಲ್ಲಿ, ದಾರಿ ತೋರಿಸುವವನಂತೆ ಕೂತಿದ್ದ. ಮರುವರ್ಷ ಹಾನಗಲ್ಲಿನಿಂದ ಅವನು ಹೋದ ಸುದ್ದಿ ಬಂತು.

ಮೋಟಾರು ಕಣ್ಮರೆಯಾದ ಆ ದಿನ, ಮನೆ ಮುಟ್ಟುವ ತನಕ, ಅವ್ವ ಅವನನ್ನು ಬೈಯಲಿಲ್ಲ.